ಮಾತು ಕಡಿಮೆಯಿರುವ ಎಂಜಿನಿಯರ್ ಪರಿಹಾರ ಶಿಬಿರದ ಕೆಲಸಕ್ಕೆ ಒಗ್ಗುತ್ತಾರೆಯೇ?

ಪ್ರಶ್ನೆ: ನನಗೆ 29 ವರ್ಷ. ಸಿವಿಲ್ ಎಂಜಿನಿಯರ್. ಆರು ವರ್ಷದಿಂದ ನೀರು ಸರಬರಾಜು ಜಾಲಗಳ ವಿನ್ಯಾಸ ಮಾಡುತ್ತಿದ್ದೇನೆ. ಹೆಚ್ಚಿನ ಕೆಲಸ ಕಂಪ್ಯೂಟರಿನ ಮುಂದೆಯೇ. ಯುದ್ಧ, ಭೂಕಂಪ, ಪ್ರವಾಹಗಳಲ್ಲಿ ಮನೆಮಠ ಕಳೆದುಕೊಂಡವರಿಗೆ ನೀರು, ಶೌಚ, ಸೂರು ಒದಗಿಸುವ ಕೆಲಸಕ್ಕೆ ಹೋಗಬೇಕೆಂಬ ಆಸೆ ಬಹಳ ದಿನದ್ದು. ಆದರೆ ಉದ್ಯೋಗ ಪ್ರಕಟಣೆಗಳನ್ನು ನೋಡಿದರೆ ಪಂಪು, ಪೈಪಿನ ಬಗ್ಗೆ ಎರಡೇ ಸಾಲು. ಉಳಿದದ್ದೆಲ್ಲ ಸಂವಹನ ಕೌಶಲ, ಹೊಂದಿಕೊಳ್ಳುವ ಗುಣ, ಸಾಂಸ್ಕೃತಿಕ ಸೂಕ್ಷ್ಮತೆ, ಒತ್ತಡ ತಾಳುವ ಶಕ್ತಿ. ನಾನು ಮಾತು ಕಡಿಮೆ. ಸಭೆಯಲ್ಲಿ ಮಾತಾಡಬೇಕೆಂದರೆ ಎದೆ ಹೊಡೆದುಕೊಳ್ಳುತ್ತದೆ. ಕಷ್ಟದಲ್ಲಿರುವವರನ್ನು ಕಂಡರೆ ಕಣ್ಣು ತುಂಬಿಬರುತ್ತದೆ. ನಿನ್ನಂಥವರಿಗೆ ಇದು ಹೇಳಿಸಿದ್ದಲ್ಲ ಎನ್ನುತ್ತಾರೆ ಸಹೋದ್ಯೋಗಿಗಳು. ಈ ಗುಣಗಳು ಹುಟ್ಟಿನಿಂದಲೇ ಬರಬೇಕೇ, ಕಲಿಯಬಹುದೇ? ಈಗಿನ ಕೆಲಸ ಬಿಟ್ಟು ಹೊರಡಲೇ, ಇಲ್ಲ ಮೊದಲು ಇನ್ನೊಂದು ಪದವಿ ಮಾಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಹೆಣೆದುಕೊಂಡಿವೆ. ನನ್ನ ಸ್ವಭಾವ ಈ ಕೆಲಸಕ್ಕೆ ಒಗ್ಗುತ್ತದೆಯೇ ಎಂಬುದು ಒಂದು. ಒಗ್ಗುವುದಾದರೆ ಯಾವ ದಾರಿ ಹಿಡಿಯಲಿ ಎಂಬುದು ಇನ್ನೊಂದು. ಮೊದಲನೆಯದು ಬಗೆಹರಿದರೆ ಎರಡನೆಯದು ಸಲೀಸು.

ಪ್ರಕಟಣೆಗಳಲ್ಲಿ ಬರುವ ಆ ದೊಡ್ಡ ಪದಗಳು ಗುಣಗಳ ಪಟ್ಟಿಯಂತೆ ಕಾಣುತ್ತವೆ. ನಿಜದಲ್ಲಿ ಅವು ಮಾಡಬೇಕಾದ ಕೆಲಸಗಳು. ಯಾರನ್ನು, ಎಲ್ಲಿ, ಏನು ಕೇಳಬೇಕು. ಕೇಳಿದ್ದನ್ನು ಲೆಕ್ಕದೊಳಗೆ ಹೇಗೆ ತರಬೇಕು. ಅರೆಬರೆ ಮಾಹಿತಿಯಲ್ಲಿ ಹೇಗೆ ನಿರ್ಧರಿಸಬೇಕು. ಒತ್ತಡ ಹಾಕುವವರಿಗೆ ಆಗದು ಎಂದು ಹೇಗೆ ಹೇಳಬೇಕು. ಹೊರಡುವಾಗ ಯಾರ ಕೈಗೆ ಏನು ಒಪ್ಪಿಸಬೇಕು. ಪೈಪಿನ ವ್ಯಾಸ ಲೆಕ್ಕಹಾಕುವುದನ್ನು ಕಲಿತ ಹಾಗೆಯೇ ಇವನ್ನೂ ಕಲಿಯಬಹುದು. ಎಂಜಿನಿಯರಿಂಗ್ ಒಂದು ಕಡೆ, ಈ ಕೌಶಲಗಳು ಇನ್ನೊಂದು ಕಡೆ ಎಂದುಕೊಂಡವರೇ ಈ ಕ್ಷೇತ್ರದಲ್ಲಿ ಹೆಚ್ಚು ಎಡವುತ್ತಾರೆ.

ಒಂದು ಲೆಕ್ಕ ನೋಡಿ. ನೆರವು ಸಂಸ್ಥೆಗಳು ಅಳತೆಗೋಲಾಗಿ ಬಳಸುವ ಸ್ಫಿಯರ್ ಕೈಪಿಡಿಯ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು. 250 ಜನಕ್ಕೆ ಒಂದು ನಲ್ಲಿ. ಸೂರಿನಿಂದ ನಲ್ಲಿಗೆ 500 ಮೀಟರ್ ಮೀರಬಾರದು, ಸರದಿಯಲ್ಲಿ 30 ನಿಮಿಷ ಮೀರಬಾರದು. ನಲ್ಲಿಯಿಂದ ನಿಮಿಷಕ್ಕೆ 7.5 ಲೀಟರ್ ಬರುತ್ತದೆ ಎಂಬ ಊಹೆ ಇದರ ಹಿಂದಿದೆ. 250 ಜನಕ್ಕೆ 3,750 ಲೀಟರ್, ಅದನ್ನು 7.5ರಿಂದ ಭಾಗಿಸಿದರೆ 500 ನಿಮಿಷ, ಅಂದರೆ ಎಂಟು ಗಂಟೆಗೂ ಮೇಲೆ. ನಲ್ಲಿ ಅಷ್ಟು ಹೊತ್ತೂ ತೆರೆದಿದ್ದು, ಜನ ಒಬ್ಬರ ಹಿಂದೊಬ್ಬರು ಬಿಡುವಿಲ್ಲದೆ ಹಿಡಿದರೆ ಮಾತ್ರ ಈ ಸಂಖ್ಯೆ ಸರಿಹೊಂದುತ್ತದೆ. ಕತ್ತಲಾದ ಮೇಲೆ ಹೆಂಗಸರು ಹೊರಬರಲು ಹೆದರುವ, ಅಡುಗೆಯ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬರುವ ಶಿಬಿರದಲ್ಲಿ ನೀರು ಹಿಡಿಯುವ ಹೊತ್ತು ನಾಲ್ಕು ಗಂಟೆಗೆ ಇಳಿಯಬಹುದು. ಆಗ ನಲ್ಲಿಗಳು ಎರಡರಷ್ಟು ಬೇಕು. ಆ ನಾಲ್ಕು ಗಂಟೆಯ ಸಂಗತಿ ಯಾವ ಸಾಫ್ಟ್‌ವೇರಿನಲ್ಲೂ ಇರುವುದಿಲ್ಲ, ನೀರು ಹೊರುವವರಿಂದಲೇ ತಿಳಿಯಬೇಕು.

ಶೌಚಾಲಯದ ವಿಷಯ ಇನ್ನೂ ಸೂಕ್ಷ್ಮ. 20 ಜನಕ್ಕೆ ಒಂದು, ಸೂರಿನಿಂದ 50 ಮೀಟರಿನೊಳಗೆ, ಗುಂಡಿಯ ತಳ ಅಂತರ್ಜಲದ ಮಟ್ಟಕ್ಕಿಂತ ಕನಿಷ್ಠ 1.5 ಮೀಟರ್ ಮೇಲೆ. ಇಷ್ಟನ್ನೂ ಪಾಲಿಸಿ ಕಟ್ಟಿದ ಸಾಲು ಬಳಕೆಯಿಲ್ಲದೆ ಬಿದ್ದಿರುವುದುಂಟು. ಒಳಗಿನಿಂದ ಚಿಲಕ ಇರುವುದಿಲ್ಲ. ದಾರಿಯಲ್ಲಿ ದೀಪ ಇರುವುದಿಲ್ಲ. ಹೆಂಗಸರ ಬಾಗಿಲು ಗಂಡಸರ ಸಾಲಿಗೆ ಎದುರಾಗಿರುತ್ತದೆ. ಮುಟ್ಟಿನ ಬಟ್ಟೆ ಒಗೆಯಲು ಮರೆ ಇರುವುದಿಲ್ಲ. ಗುಂಡಿಯ ಬಾಯಿ ಅಗಲವಾಗಿದ್ದು ಮಕ್ಕಳು ಬೀಳುವ ಭಯಕ್ಕೆ ಒಳಗೇ ಹೋಗುವುದಿಲ್ಲ. ಕಟ್ಟುವ ಮೊದಲು ಅರ್ಧ ದಿನ ಸರಿಯಾದ ಜನರೊಂದಿಗೆ ಕೂತಿದ್ದರೆ ಇವೆಲ್ಲ ತಿಳಿಯುತ್ತಿದ್ದವು.

ಹಾಗಾಗಿ ಸಂವಹನ ಕೌಶಲ ಎಂದರೆ ವೇದಿಕೆಯ ಮಾತುಗಾರಿಕೆ ಎಂಬ ನಂಬಿಕೆಯನ್ನು ಮೊದಲು ಬಿಡಿ. ಅದರ ಮುಕ್ಕಾಲು ಪಾಲು ಕೇಳಿಸಿಕೊಳ್ಳುವುದು, ಮತ್ತು ಅದರಲ್ಲಿ ಮಾತು ಕಡಿಮೆಯಿರುವವರಿಗೆ ಅನುಕೂಲವೇ ಹೆಚ್ಚು. ಆದರೆ ಸುಮ್ಮನೆ ಕೂತರೆ ಅದು ಕೇಳಿಸಿಕೊಳ್ಳುವುದಾಗುವುದಿಲ್ಲ. ‘ನೀರು ಸಾಕಾಗುತ್ತಿದೆಯೇ?’ ಎಂದರೆ, ನೆರವು ಕೊಡುವವರ ಎದುರು ಜನ ಹೂಂ ಅನ್ನುತ್ತಾರೆ ಅಥವಾ ಇಲ್ಲವೇ ಇಲ್ಲ ಅನ್ನುತ್ತಾರೆ. ಎರಡರಿಂದಲೂ ನಿಮಗೆ ಉಪಯೋಗವಿಲ್ಲ. ಅಭಿಪ್ರಾಯ ಬಿಟ್ಟು ನಿನ್ನೆ ನಡೆದದ್ದನ್ನು ಕೇಳಿ. ನಿನ್ನೆ ಎಷ್ಟು ಸಲ ನೀರಿಗೆ ಹೋದಿರಿ? ಯಾವ ಕ್ಯಾನಿನಲ್ಲಿ? ಯಾರು ಹೊತ್ತರು? ರಾತ್ರಿ ಮಗು ಎದ್ದಾಗ ಶೌಚಕ್ಕೆ ಎಲ್ಲಿಗೆ ಕರೆದೊಯ್ದಿರಿ? ಹೆಂಗಸರ ಗುಂಪನ್ನು ಬೇರೆಯಾಗಿ, ಹೆಂಗಸರೇ ಕೇಳಲಿ. ಅಂಗವಿಕಲರು, ಮುದುಕರು ಸಭೆಗೆ ಬರುವುದಿಲ್ಲ, ಅವರಿರುವಲ್ಲಿಗೇ ಹೋಗಿ. ಆಮೇಲೆ ತುಂಬಿದ ಕ್ಯಾನು ಹಿಡಿದು ಆ ದಾರಿಯನ್ನು ನೀವೇ ನಡೆಯಿರಿ, ನಲ್ಲಿಯ ಪಕ್ಕ ಒಂದು ಗಂಟೆ ನಿಂತು ಎಣಿಸಿ. ಹೇಳಿದ್ದಕ್ಕೂ ಎಣಿಸಿದ್ದಕ್ಕೂ ಅಂತರವಿದ್ದರೆ, ಏಕೆ ಎಂದು ತಿಳಿಯುವುದೇ ಮುಂದಿನ ಕೆಲಸ.

ಬಹುಪಾಲು ಕಡೆ ದುಭಾಷಿಯ ಮೂಲಕವೇ ಮಾತಾಡಬೇಕಾಗುತ್ತದೆ. ಅದಕ್ಕೂ ಅಭ್ಯಾಸ ಬೇಕು. ಹೋಗುವ ಮೊದಲು ದುಭಾಷಿಯ ಜೊತೆ ಹತ್ತು ನಿಮಿಷ ಕೂತು ತಾಂತ್ರಿಕ ಪದಗಳಿಗೆ ಜನ ಏನೆನ್ನುತ್ತಾರೆ ಎಂದು ಗೊತ್ತುಮಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ವಾಕ್ಯ. ಕಣ್ಣು ಎದುರಿನವರ ಮೇಲಿರಲಿ, ದುಭಾಷಿಯ ಮೇಲಲ್ಲ. ಕೊನೆಗೆ ‘ಅರ್ಥವಾಯಿತೇ?’ ಎನ್ನಬೇಡಿ, ‘ಮನೆಯವರಿಗೆ ಇದನ್ನು ಹೇಗೆ ಹೇಳುತ್ತೀರಿ?’ ಎಂದು ಕೇಳಿ. ಎಲ್ಲಿ ತಪ್ಪಿತು ಎಂಬುದು ಅಲ್ಲೇ ಗೊತ್ತಾಗುತ್ತದೆ. ಸಂಘರ್ಷದ ನಾಡಿನಲ್ಲಿ ದುಭಾಷಿ ಯಾವ ಸಮುದಾಯದವರು ಎಂಬುದರ ಮೇಲೂ ಜನ ಏನು ಹೇಳುತ್ತಾರೆ, ಏನು ಮುಚ್ಚಿಡುತ್ತಾರೆ ಎಂಬುದು ನಿಂತಿರುತ್ತದೆ.

ಇಷ್ಟಾದರೂ ನಿಮ್ಮ ಸಭಾಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೌನಿಗಳಿಂದ ಆಗುವ ಅನಾಹುತ ಒಂದೇ: ಕಂಡದ್ದನ್ನು ಸಮಯಕ್ಕೆ ಹೇಳದಿರುವುದು. 2010ರ ಅಕ್ಟೋಬರಿನಲ್ಲಿ ಹೈಟಿಯಲ್ಲಿ ಕಾಲರಾ ಕಾಣಿಸಿಕೊಂಡಿತು. ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರವೊಂದರ ಮಲಿನ ನೀರು ನದಿಗೆ ಸೇರಿದ್ದೇ ಮೂಲವೆಂದು ತನಿಖೆಗಳು ತೋರಿಸಿದವು. ಸುಮಾರು 10,000 ಜನ ಸತ್ತರು. 2016ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕ್ಷಮೆ ಕೇಳಿದರು. ನೆರವಿಗೆಂದು ಬಂದವರ ಕೊಳಚೆ ಗುಂಡಿ, ಸೋರುವ ಪೈಪು, ಗುತ್ತಿಗೆದಾರನ ಟ್ಯಾಂಕರ್ ಎಲ್ಲಿ ಖಾಲಿಯಾಗುತ್ತದೆ ಎಂಬ ವಿಚಾರ, ಇವು ಯಾರಿಗೂ ಆಸಕ್ತಿಯಿಲ್ಲದ ಸಂಗತಿಗಳು. ಅವನ್ನು ಹೋಗಿ ನೋಡುವುದು, ನೋಡಿದ್ದನ್ನು ಮೇಲಿನವರಿಗೆ ಹೇಳುವುದು ಎಂಜಿನಿಯರನ ಹೊಣೆ.

ಹೇಳುವುದಕ್ಕೆ ಧೈರ್ಯ ಬರುವವರೆಗೆ ಕಾಯಬೇಡಿ, ಒಂದು ಕ್ರಮ ಇಟ್ಟುಕೊಳ್ಳಿ. ಸಭೆಗೆ ಮೊದಲೇ ಅರ್ಧ ಪುಟದ ಟಿಪ್ಪಣಿ ಕಳಿಸಿ, ಆರಂಭದಲ್ಲೇ ಎರಡು ನಿಮಿಷ ಕೊಡಿ ಎಂದು ಸಭೆ ನಡೆಸುವವರನ್ನು ಕೇಳಿ. ಮೂರೇ ವಾಕ್ಯ ಬರೆದಿಟ್ಟುಕೊಳ್ಳಿ: ನಾನು ಕಂಡದ್ದು ಇದು, ಹೀಗೇ ಬಿಟ್ಟರೆ ಆಗುವುದು ಇದು, ಇಂಥ ದಿನದೊಳಗೆ ಇಂಥದ್ದು ಬೇಕು. ಓದಿ ಹೇಳಿದರೂ ಅಡ್ಡಿಯಿಲ್ಲ. ಎದೆ ಹೊಡೆದುಕೊಳ್ಳುವುದು ನಿಲ್ಲದಿರಬಹುದು, ಮಾತು ಮಾತ್ರ ಮುಟ್ಟುತ್ತದೆ. ಈಗಿನ ಕಚೇರಿಯಲ್ಲೇ ನಾಳೆಯಿಂದ ಇದನ್ನು ಶುರುಮಾಡಬಹುದು.

ಹೊಂದಿಕೊಳ್ಳುವ ಗುಣ ಎಂಬ ಪದದ ಒಳಗಿರುವುದು ಅನಿಶ್ಚಿತತೆಯಲ್ಲಿ ನಿರ್ಧಾರ ತೆಗೆದುಕೊಳ್ಳುವ ಕೌಶಲ. ವಿನ್ಯಾಸ ಕಚೇರಿಯಿಂದ ಬಂದವರಿಗೆ ಅತಿ ಕಷ್ಟವಾಗುವುದು ಇದೇ. ಒಂದು ಶಿಬಿರಕ್ಕೆ ಎಷ್ಟು ಜನ ಬಂದಿದ್ದಾರೆ ಎಂದರೆ ಪಟ್ಟಿ 8,000 ಎನ್ನುತ್ತದೆ, ಮುಖಂಡರು 14,000 ಎನ್ನುತ್ತಾರೆ ಎಂದುಕೊಳ್ಳಿ. ನೀರು 120 ಘನಮೀಟರೋ 210 ಘನಮೀಟರೋ, ನಲ್ಲಿ 32 ಬೇಕೋ 56 ಬೇಕೋ? ನಿಖರ ಸಂಖ್ಯೆಗೆ ಕಾಯುತ್ತ ಕೂತರೆ ಜನ ಅಷ್ಟರಲ್ಲಿ ಹಳ್ಳದ ನೀರು ಕುಡಿದಿರುತ್ತಾರೆ. ಆಮೇಲೆ ಬದಲಿಸಲು ಕಷ್ಟವಾದದ್ದನ್ನು ದೊಡ್ಡ ಸಂಖ್ಯೆಗೆ, ಬದಲಿಸಲು ಸುಲಭವಾದದ್ದನ್ನು ಸಣ್ಣ ಸಂಖ್ಯೆಗೆ ಮಾಡಿ. ಮುಖ್ಯ ಪೈಪಿನ ವ್ಯಾಸ 14,000 ಜನಕ್ಕೆ. ಅದನ್ನು ಮತ್ತೆ ಅಗೆದು ತೆಗೆಯಲಾಗದು. ಬಿಡಿಭಾಗಗಳಲ್ಲಿ ತಂದು ಜೋಡಿಸುವ 95 ಘನಮೀಟರಿನ ಟ್ಯಾಂಕುಗಳು ಸದ್ಯಕ್ಕೆ ಎರಡು, ಆದರೆ ಮೂರನೆಯದಕ್ಕೆ ನೆಲ ಈಗಲೇ ಸಮತಟ್ಟಾಗಲಿ. ನಲ್ಲಿಗಳು 32ರಿಂದ ಶುರುವಾಗಲಿ, ಸರದಿ 30 ನಿಮಿಷ ಮೀರಿದ ದಿನ ಮುಂದಿನ ಸಾಲು ಜೋಡಿಸಿ.

ಜೊತೆಗೆ ಪ್ರತಿ ನಿರ್ಧಾರಕ್ಕೂ ಅದೇ ದಿನ ಐದು ಸಾಲು ಬರೆಯಿರಿ: ಏನು ನಿರ್ಧರಿಸಿದೆ, ಗೊತ್ತಿದ್ದದ್ದು ಏನು, ಊಹಿಸಿದ್ದು ಏನು, ಯಾವುದು ಬದಲಾದರೆ ನಿರ್ಧಾರ ಬದಲಿಸಬೇಕು, ಯಾರಿಗೆಲ್ಲ ತಿಳಿಸಿದೆ. ನಿಮ್ಮ ಗುತ್ತಿಗೆಯ ಅವಧಿ ಮುಗಿದು ಬೇರೊಬ್ಬರು ಬಂದಾಗ ಅವರಿಗೆ ಸಿಗುವ ಅತ್ಯಮೂಲ್ಯ ಕಾಗದ ಇದೇ.

ಮೂರನೆಯ ಸಾಲಿಗೆ, ಊಹಿಸಿದ್ದಕ್ಕೆ, ಎಷ್ಟು ತೂಕವಿದೆ ಎಂದು ತಿಳಿಯಲು ಬಾಂಗ್ಲಾದೇಶದ ಕೊಳವೆಬಾವಿಗಳನ್ನು ನೋಡಬೇಕು. ಕೆರೆಕುಂಟೆಯ ನೀರಿನಿಂದ ಹರಡುವ ಅತಿಸಾರ ತಪ್ಪಿಸಲು 1970ರ ದಶಕದಿಂದ ಯುನಿಸೆಫ್ ನೆರವಿನಲ್ಲಿ ಅಲ್ಲಿ ಭಾರಿ ಸಂಖ್ಯೆಯಲ್ಲಿ ಕೊಳವೆಬಾವಿ ಕೊರೆದರು. ಉದ್ದೇಶ ಒಳ್ಳೆಯದು, ಕೆಲಸವೂ ಅಚ್ಚುಕಟ್ಟು. ಆಗಿನ ವಾಡಿಕೆಯ ನೀರಿನ ಪರೀಕ್ಷೆಯಲ್ಲಿ ಆರ್ಸೆನಿಕ್ ಎಂಬ ವಿಷವಸ್ತುವಿನ ತಪಾಸಣೆ ಸೇರಿರಲಿಲ್ಲ. ಅದು ಅಂತರ್ಜಲದಲ್ಲಿದೆ ಎಂದು ಅಲ್ಲಿ ಖಚಿತವಾದದ್ದು 1993ರಲ್ಲಿ. ಆಮೇಲೆ ಬಾವಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅಪಾಯದ ಪಂಪಿಗೆ ಕೆಂಪು, ಸುರಕ್ಷಿತ ಪಂಪಿಗೆ ಹಸಿರು ಬಣ್ಣ ಬಳಿದರು. ‘ನಾವು ಇನ್ನೂ ಯಾವುದನ್ನು ಪರೀಕ್ಷಿಸಿಲ್ಲ?’ ಎಂದು ತಂಡದಲ್ಲಿ ಕೇಳುವ ಅಭ್ಯಾಸ ವೈಯಕ್ತಿಕ ಕೌಶಲವೇ. ನಿಮ್ಮ ಮನೆಯ ಪಂಪಿನ ನೀರು ಕುಡಿಯಬೇಡಿ ಎಂದು ಒಂದು ಕುಟುಂಬಕ್ಕೆ ಹೇಳುವುದು, ಹೇಳಿ ಹೊರಟುಬಿಡದೆ ಹತ್ತಿರದ ಹಸಿರು ಪಂಪು ಎಲ್ಲಿದೆ, ಆ ಮನೆಯವರು ನೀರು ಕೊಡಲು ಒಪ್ಪಿದ್ದಾರೆಯೇ ಎಂದು ಹೋಗಿ ವಿಚಾರಿಸುವುದೂ ಅಷ್ಟೇ ದೊಡ್ಡ ಕೌಶಲ.

ಆಗದು ಎನ್ನುವುದರ ಬಗ್ಗೆ ಪ್ರಕಟಣೆಗಳು ಮಾತೇ ಆಡುವುದಿಲ್ಲ, ಆದರೆ ವಾರಕ್ಕೊಮ್ಮೆಯಾದರೂ ಅದರ ಅಗತ್ಯ ಬೀಳುತ್ತದೆ. ನಲ್ಲಿ ತನ್ನ ಮನೆಯ ಹತ್ತಿರ ಬರಲಿ ಎನ್ನುವ ಮುಖಂಡ, ಸಿಮೆಂಟು ಕಡಿಮೆ ಹಾಕಿ ಲಕೋಟೆ ಚಾಚುವ ಗುತ್ತಿಗೆದಾರ, ಬಿಡಿಭಾಗ ಸಿಗದ ಯಂತ್ರವನ್ನು ಉಚಿತವಾಗಿ ಕೊಡುತ್ತೇನೆ ಎನ್ನುವ ದಾನಿ. ವ್ಯಕ್ತಿಗೆ ವ್ಯಕ್ತಿ ಎದುರಾಗಿ ನಿಂತು ಇಲ್ಲ ಎನ್ನುವುದು ಯಾರಿಗೂ ಕಷ್ಟ, ಕೆಲವು ಕಡೆ ಅಪಾಯ ಕೂಡ. ಹಾಗಾಗಿ ನಲ್ಲಿ ಎಲ್ಲೆಲ್ಲಿ ಎಂಬುದರ ನಿಯಮವನ್ನು ಕೆಲಸ ಶುರುವಾಗುವ ಮೊದಲೇ ಎಲ್ಲರೆದುರು ಒಪ್ಪಿಸಿಕೊಂಡು ಬರೆದು ಹಾಕಿ. ಆಮೇಲೆ ನಿಮ್ಮ ಬದಲು ಆ ನಿಯಮವೇ ‘ಇಲ್ಲ’ ಎನ್ನುತ್ತದೆ. ಹಣದ ಮಾತುಕತೆಗೆ ಒಬ್ಬರೇ ಹೋಗಬೇಡಿ. ನಡೆದದ್ದನ್ನು ಅಂದೇ ಬರೆದು ಮೇಲಧಿಕಾರಿಗೆ ಕಳಿಸಿ. ನೆರವಿಗೆ ಬದಲಾಗಿ ಲೈಂಗಿಕ ಬೇಡಿಕೆ ಇಟ್ಟ ಸುಳಿವು ಸಿಕ್ಕರೆ, ಇಟ್ಟವರು ನಿಮ್ಮ ತಂಡದವರೇ ಆಗಲಿ, ಗುತ್ತಿಗೆದಾರನ ಕೂಲಿಯವರೇ ಆಗಲಿ, ನೀವೇ ವಿಚಾರಣೆಗೆ ಇಳಿಯದೆ ಸಂಸ್ಥೆಯ ಗೋಪ್ಯ ದೂರು ವ್ಯವಸ್ಥೆಗೆ ತಕ್ಷಣ ತಿಳಿಸುವುದು ಕಡ್ಡಾಯ.

ಅನುಮತಿಯ ಮಾತುಕತೆಯೂ ಈ ಕೆಲಸದ ಭಾಗವೇ. ಬೋಸ್ನಿಯಾ ಯುದ್ಧದಲ್ಲಿ ಮುತ್ತಿಗೆಗೆ ಒಳಗಾಗಿದ್ದ ಸರಾಯೆವೊ ನಗರಕ್ಕೆ 1993-94ರಲ್ಲಿ ಅಮೆರಿಕದ ಪರಿಹಾರ ತಜ್ಞ ಫ್ರೆಡ್ ಕ್ಯೂನಿ ಅವರ ತಂಡ ನೀರು ಶುದ್ಧೀಕರಣ ಘಟಕವನ್ನು ವಿಮಾನದಲ್ಲಿ ತಂದು, ಶೆಲ್ ದಾಳಿಗೆ ಸಿಗದಂತೆ ರಸ್ತೆ ಸುರಂಗದೊಳಗೆ ಜೋಡಿಸಿತು. ಯಂತ್ರ ಸಿದ್ಧವಾದ ಮೇಲೂ ಸ್ಥಳೀಯ ಆಡಳಿತದ ಒಪ್ಪಿಗೆಗಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು.

ಕಟ್ಟಿದ್ದನ್ನು ಊರಿನವರ ಕೈಗೆ ಒಪ್ಪಿಸಿ ಹೊರಡುವ ಹಸ್ತಾಂತರದಲ್ಲಿ ನಡೆಯುವ ತಪ್ಪು ತರಬೇತಿಯದ್ದು. ಎಂಜಿನಿಯರ್ ಪಂಪು ಬಿಚ್ಚಿ ತೋರಿಸುತ್ತಾರೆ, ಸುತ್ತ ನಿಂತವರು ತಲೆಯಾಡಿಸುತ್ತಾರೆ, ಫೋಟೋ ತೆಗೆಯುತ್ತಾರೆ, ಮುಗಿಯಿತು. ಸೀಲು ಸವೆದು ಪಂಪು ನಿಂತ ದಿನ ಬಿಚ್ಚಲು ಯಾರಿಗೂ ಧೈರ್ಯ ಬರುವುದಿಲ್ಲ. ಅಫ್ರಿದೇವ್ ಕೈಪಂಪನ್ನು ಊರಿನವರೇ ರಿಪೇರಿ ಮಾಡಿಕೊಳ್ಳಲಿ ಎಂದೇ ರೂಪಿಸಿದ್ದು. ಅಂಥ ಪಂಪು ಕೂಡ ತರಬೇತಿ ಸರಿಯಿಲ್ಲದಿದ್ದರೆ ಹಾಗೇ ನಿಂತುಬಿಡುತ್ತದೆ. ನಿಮ್ಮ ಕೈ ಹಿಂದೆ ಕಟ್ಟಿಕೊಂಡು, ನೋಡಿಕೊಳ್ಳುವವರೇ ಮೂರು ಸಲ ಪೂರ್ತಿ ಬಿಚ್ಚಿ ಜೋಡಿಸಲಿ. ಮೂರನೆಯ ಸಲ ನೀವು ಅಲ್ಲಿ ಇರಲೇಬಾರದು. ಸೀಲು ಎಲ್ಲಿ ಸಿಗುತ್ತದೆ, ದುಡ್ಡು ಯಾರ ಬಳಿ ಇರುತ್ತದೆ, ಅಂಗಡಿಗೆ ಯಾರು ಹೋಗುತ್ತಾರೆ ಎಂಬ ಮೂರು ಪ್ರಶ್ನೆಗೆ ಹೆಸರು ಸಮೇತ ಉತ್ತರ ಸಿಗದೆ ಕೆಲಸ ಮುಗಿಯಿತು ಎನ್ನಬೇಡಿ.

ಇನ್ನು ಕಣ್ಣು ತುಂಬಿಬರುವ ವಿಷಯ. ಕಲ್ಲೆದೆಯವರೇ ಈ ಕೆಲಸಕ್ಕೆ ಬೇಕು ಎಂಬುದು ಶುದ್ಧ ಸುಳ್ಳು. ಅಳು ಬಂದರೂ ಅಂದಿನ ಕ್ಲೋರಿನ್ ಅಳತೆ ತಪ್ಪದಿದ್ದರೆ ಸಾಕು. ನಿಜವಾದ ಅಪಾಯದ ಗುರುತುಗಳು ಬೇರೆ: ನಿದ್ದೆ ಬಾರದಿರುವುದು, ಸಣ್ಣದಕ್ಕೂ ಸಿಡುಕು, ಕುಡಿತ ಹೆಚ್ಚುವುದು, ನಾನಿಲ್ಲದೆ ಇಲ್ಲಿ ಏನೂ ನಡೆಯದು ಎನಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ನೆರವು ಪಡೆಯುವ ಜನರ ಮೇಲೇ ತಾತ್ಸಾರ ಹುಟ್ಟುವುದು. ದಣಿದವರು ಅಳತೆ ತಪ್ಪುತ್ತಾರೆ, ಚೆಕ್‌ಪೋಸ್ಟಿನಲ್ಲಿ ದನಿ ಏರಿಸುತ್ತಾರೆ, ವೇಗವಾಗಿ ಗಾಡಿ ಓಡಿಸುತ್ತಾರೆ. ಕಡ್ಡಾಯ ವಿಶ್ರಾಂತಿ ರಜೆ ಇರುವುದು ಇದಕ್ಕೇ. ಅದನ್ನು ಬಿಟ್ಟುಕೊಡುವುದು ತ್ಯಾಗವಲ್ಲ. ಆದರೆ ಈಚೆಗೆ ನಿಮ್ಮ ಮನೆಯಲ್ಲಿ ಸಾವು, ದೊಡ್ಡ ಕಾಯಿಲೆ ಅಥವಾ ಖಿನ್ನತೆಯಂಥದ್ದು ಆಗಿದ್ದರೆ ಮೊದಲ ನಿಯೋಜನೆಯನ್ನು ಒಂದು ವರ್ಷ ಮುಂದೂಡುವುದು ಒಳ್ಳೆಯದು.

ಈಗ ದಾರಿಗಳು. ಕೆಲಸ ಬಿಟ್ಟು ನೇರ ಹೊರಡುವುದನ್ನು ನಾನು ಸಲಹೆ ಮಾಡುವುದಿಲ್ಲ. ಒಳ್ಳೆಯ ಸಂಸ್ಥೆಗಳು ಸಾಮಾನ್ಯವಾಗಿ ಕ್ಷೇತ್ರದ ಅನುಭವ ಕೇಳುತ್ತವೆ. ಏನನ್ನೂ ಕೇಳದೆ ಕರೆದುಕೊಳ್ಳುವವರ ಬಳಿ ವಿಮೆ, ಭದ್ರತಾ ತರಬೇತಿ, ಅಪಾಯದಲ್ಲಿ ಹೊರತರುವ ವ್ಯವಸ್ಥೆ ಇರುವ ಸಾಧ್ಯತೆ ಕಡಿಮೆ. ಎರಡು ವಾರದ ಸ್ವಯಂಸೇವಾ ಪ್ರವಾಸಗಳಿಂದಲೂ ದೂರವಿರಿ. ನಷ್ಟ ನಿಮಗಲ್ಲ, ಅರೆಬರೆ ಮುಗಿದ ಟ್ಯಾಂಕಿನ ಮುಂದೆ ಉಳಿಯುವ ಊರಿನವರಿಗೆ. ಇನ್ನೊಂದು ಪದವಿಯಿಂದ ಅಂತರ್ಜಲ, ನೈರ್ಮಲ್ಯದ ಜ್ಞಾನ ಬೆಳೆಯುತ್ತದೆ, ಪರಿಚಯಗಳೂ ಆಗುತ್ತವೆ. ಆದರೆ ನಿಮ್ಮ ಕೊರತೆ ಇರುವುದು ತರಗತಿಯಲ್ಲಿ ತುಂಬುವಂಥದ್ದಲ್ಲ. ಸಾಲ ಮಾಡಿ ಓದಿ, ಕ್ಷೇತ್ರಾನುಭವವಿಲ್ಲದೆಯೇ ಹೊರಬರುವ ಅಪಾಯವಿದೆ.

ನಿಮಗೆ ನಾನು ಹೇಳುವುದು ಒಂದರಿಂದ ಒಂದೂವರೆ ವರ್ಷದ ತಯಾರಿ, ಈಗಿನ ಕೆಲಸದಲ್ಲಿದ್ದುಕೊಂಡೇ. ಕಂಪನಿಯೊಳಗೇ ಸೈಟಿನ ಮೇಲ್ವಿಚಾರಣೆಗೆ ವರ್ಗ ಕೇಳಿ. ಗುತ್ತಿಗೆದಾರರು, ಕೂಲಿಯವರು, ದೂರು ಹೊತ್ತು ಬರುವ ನಿವಾಸಿಗಳು, ನಿಮಗೆ ಬೇಕಾದ ಪಾಠ ಎಲ್ಲ ಅಲ್ಲಿದೆ. ಪಂಪು, ಜನರೇಟರ್ ಕೈಯಾರೆ ಬಿಚ್ಚಿ ಜೋಡಿಸಿ. ವಿಶ್ವಸಂಸ್ಥೆಯ ಬಿಸೇಫ್ ಭದ್ರತಾ ತರಬೇತಿ ಅಂತರ್ಜಾಲದಲ್ಲಿ ಉಚಿತ. ಕಾಯಾ ಎಂಬ ಜಾಲತಾಣದಲ್ಲಿ ನೆರವು ಕಾರ್ಯದ ಉಚಿತ ಕೋರ್ಸುಗಳಿವೆ. ಇಂಗ್ಲಿಷಿನ ಜೊತೆಗೆ ಫ್ರೆಂಚ್ ಅಥವಾ ಅರಬಿ ಸೇರಿಸಿಕೊಂಡರೆ ಅವಕಾಶ ಬಹಳ ಹಿಗ್ಗುತ್ತದೆ. 1980ರಲ್ಲಿ ಬ್ರಿಟನ್ನಿನಲ್ಲಿ ಎಂಜಿನಿಯರ್ ಪೀಟರ್ ಗಥ್ರಿ ಸ್ಥಾಪಿಸಿದ ರೆಡ್‌ಆರ್ ಸಂಸ್ಥೆ ಪರಿಹಾರ ಕಾರ್ಯಕರ್ತರ ತರಬೇತಿಗೆ ಹೆಸರಾದದ್ದು, ಅಂಥ ಕಡೆಯ ಒಂದು ನೇರ ತರಬೇತಿಯನ್ನಾದರೂ ಮಾಡಿ.

ಕುಡಿಯುವ ನೀರಿಗೆ ಎಷ್ಟು ಕ್ಲೋರಿನ್ ಬೇಕೆಂದು ಕಂಡುಕೊಳ್ಳುವ, ಮನೆಯಲ್ಲೇ ಮಾಡಬಹುದಾದ ಒಂದು ಅಭ್ಯಾಸವಿದೆ. 20 ಲೀಟರಿನ ನಾಲ್ಕು ಬಕೆಟ್ ತಿಳಿನೀರು ತೆಗೆದುಕೊಳ್ಳಿ. ಶೇ 1ರ ಕ್ಲೋರಿನ್ ದ್ರಾವಣವನ್ನು (ಶೇ 65-70ರ ಪುಡಿಯಾದರೆ ಲೀಟರಿಗೆ ಸುಮಾರು 15 ಗ್ರಾಂ, ಕೈಗವಸು ಹಾಕಿ, ಗಾಳಿಯಾಡುವಲ್ಲಿ, ನೀರಿಗೆ ಪುಡಿ ಹಾಕಿ, ಪುಡಿಗೆ ನೀರಲ್ಲ) ಕ್ರಮವಾಗಿ 1, 1.5, 2, 2.5 ಮಿಲಿ ಬೆರೆಸಿ. 30 ನಿಮಿಷ ಬಿಟ್ಟು, ಕ್ಲೋರಿನ್ನಿಗೆ ತಕ್ಕಂತೆ ನೀರಿಗೆ ಬಣ್ಣ ಬರಿಸುವ ಡಿಪಿಡಿ ಮಾತ್ರೆಯಿಂದ, ನೀರಿನಲ್ಲಿ ಇನ್ನೂ ಉಳಿದಿರುವ ಕ್ಲೋರಿನ್ ಅಳೆಯಿರಿ. ಲೀಟರಿಗೆ 0.4ರಿಂದ 0.5 ಮಿಲಿಗ್ರಾಂ ತೋರಿದ ಬಕೆಟ್ಟಿನ ಪ್ರಮಾಣವೇ ಟ್ಯಾಂಕಿಗೂ: 1.5 ಮಿಲಿಯ ಬಕೆಟ್ ಹೊಂದಿದರೆ 45,000 ಲೀಟರಿಗೆ ಸುಮಾರು 3.4 ಲೀಟರ್ ದ್ರಾವಣ. ಇದು ನಿಮಗೆ ಸುಲಭ. ಅಭ್ಯಾಸ ಇರುವುದು ಮುಂದೆ: ಎಂಜಿನಿಯರ್ ಅಲ್ಲದ ಒಬ್ಬರಿಗೆ, ಮಿಲಿಗ್ರಾಂ, ಶೇಕಡ ಎಂಬ ಮಾತು ಬಳಸದೆ, ಇದನ್ನು ಕಲಿಸಿ. ಮರುವಾರ ಅವರೇ ಒಬ್ಬರೇ ಮಾಡಲಿ. ‘ವಾಸನೆ ಬರುತ್ತದೆ, ಕಡಿಮೆ ಹಾಕು’ ಎಂದು ಜನ ಕೇಳಿದರೆ ಏನು ಹೇಳುತ್ತೀರಿ ಎಂದು ಅವರನ್ನು ಕೇಳಿ. ವಾಸನೆಗೆ ಅಂಜಿ ನಲ್ಲಿಯಲ್ಲಿ 0.2ಕ್ಕಿಂತ ಕೆಳಗಿಳಿಸಿದರೆ ನೀರಿಗೆ ರಕ್ಷಣೆಯಿಲ್ಲ, ಕಾಲರಾ ಇದ್ದರೆ ಕೆಳಮಿತಿ 0.5, ವಾಸನೆಗೆ ಹೇಸಿ ಜನ ಹಳ್ಳಕ್ಕೆ ಹೋದರೂ ನೀವು ಸೋತಂತೆ. ಈ ಎರಡರ ನಡುವೆ ಜನರನ್ನು ಒಪ್ಪಿಸುವ ಮಾತು ಹುಡುಕುವುದೇ ಪ್ರಕಟಣೆ ಕೇಳುವ ಸಂವಹನ ಕೌಶಲ.

ಇದೆಲ್ಲ ಆದ ಮೇಲೆ ಆರು ತಿಂಗಳ ಒಂದು ಗುತ್ತಿಗೆ ಹಿಡಿಯಿರಿ, ಸಾಧ್ಯವಾದರೆ ಈಗಿನ ಕಂಪನಿಯಿಂದ ಸಂಬಳವಿಲ್ಲದ ರಜೆ ಪಡೆದು. ಕ್ಷೇತ್ರಜೀವನ ಒಗ್ಗದಿದ್ದರೆ ಸೋಲಲ್ಲ. ದೂರದಿಂದಲೇ ವಿನ್ಯಾಸ ಪರಿಶೀಲನೆ, ಸಾಮಗ್ರಿ ಖರೀದಿಯ ತಾಂತ್ರಿಕ ನೆರವು ಮಾಡುವ ಹುದ್ದೆಗಳೂ ಇವೆ, ನಿಮ್ಮ ಜಾಲ ವಿನ್ಯಾಸದ ಅನುಭವಕ್ಕೆ ಅಲ್ಲಿ ಒಳ್ಳೆಯ ಬೆಲೆಯಿದೆ. ಸಂದರ್ಶನದಲ್ಲಿ ‘ನಾನು ತಂಡದೊಂದಿಗೆ ಬೆರೆಯುತ್ತೇನೆ’ ಎನ್ನುವ ಬದಲು, ಸೈಟಿನಲ್ಲಿ ಒಬ್ಬ ನಿವಾಸಿ ಹೇಳಿದ್ದನ್ನು ಕೇಳಿ ಯಾವ ವಿನ್ಯಾಸವನ್ನು ಏಕೆ ಬದಲಿಸಿದಿರಿ ಎಂದು ಹೇಳಿ. ಸಹಿ ಹಾಕುವ ಮೊದಲು ನೀವೂ ನಾಲ್ಕು ಪ್ರಶ್ನೆ ಕೇಳಿ: ವೈದ್ಯಕೀಯ ವಿಮೆ ಮತ್ತು ತುರ್ತು ಸ್ಥಳಾಂತರ ಯಾರ ಹೊಣೆ? ವಿಶ್ರಾಂತಿ ರಜೆ ಎಷ್ಟು ವಾರಕ್ಕೊಮ್ಮೆ? ಮಾನಸಿಕ ಆರೋಗ್ಯದ ನೆರವು ಮರಳಿದ ಮೇಲೂ ಇದೆಯೇ? ನನಗಿಂತ ಮೊದಲು ಈ ಹುದ್ದೆಯಲ್ಲಿದ್ದವರು ಏಕೆ ಬಿಟ್ಟರು?